ಗುಂಪಿಗೆ ಆರೇ ಇಲಿ ಯಾಕೆ? ಸಂಶೋಧನೆಯಲ್ಲಿ ಪ್ರಾಣಿಗಳ ಲೆಕ್ಕ ಇಡುವುದು, ಇಳಿಸುವುದು ಹೇಗೆ

ಐದು ಗುಂಪು, ಗುಂಪಿಗೆ ಆರು, ಒಟ್ಟು 30 ಇಲಿ. ಗಿಡಮೂಲಿಕೆ ಮೇಲೆ ಎಂ.ಫಾರ್ಮ್ ಅಥವಾ ಪಿಎಚ್‌ಡಿ ಮಾಡುವವರ ಸಿನಾಪ್ಸಿಸ್ ತೆಗೆದು ನೋಡಿ, ಹೆಚ್ಚಿನವುಗಳಲ್ಲಿ ಇದೇ ಲೆಕ್ಕ. ಯಾಕೆ ಆರು ಅಂತ ಕೇಳಿದರೆ "ಸೀನಿಯರ್ ಹಾಗೇ ಮಾಡಿದ್ದರು" ಅನ್ನುತ್ತಾರೆ. ಆ ಸೀನಿಯರ್‌ನ ಹಿಡಿದು ಕೇಳಿದರೆ ಅವರಿಗೂ ಒಬ್ಬ ಸೀನಿಯರ್ ಇರುತ್ತಾರೆ.

ಶಿವಮೊಗ್ಗ, ಶಂಕರಘಟ್ಟದ ಕಡೆ ಓದುತ್ತಾ, ಮಲೆನಾಡಿನ ಸೊಪ್ಪೋ ಬೇರೋ ತೊಗಟೆಯೋ ಹಿಡಿದುಕೊಂಡು ಇಲಿ ಮೇಲೆ ಪ್ರಯೋಗಕ್ಕೆ ಹೊರಟಿರುವ ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ಅವರ ಗೈಡ್‌ಗಳಿಗೆ, ಅನಿಮಲ್ ಹೌಸ್ ನೋಡಿಕೊಳ್ಳುವವರಿಗೆ ಕೂಡ. ನಾನು ಹೇಳುವುದು ಎರಡೇ ಮಾತು. ಸಂಖ್ಯೆಗೆ ಕಾರಣ ಇರಬೇಕು. ಮಂಜೂರಾದ ಮೇಲೆ ಆ ಸಂಖ್ಯೆಯನ್ನು ವಾರವಾರ ಯಾರೋ ಒಬ್ಬರು ಎಣಿಸುತ್ತಿರಬೇಕು. ಮೊದಲನೆಯದನ್ನು ಅರ್ಜಿ ಬರೆಯುವ ದಿನವಾದರೂ ಒಂದಿಷ್ಟು ಜನ ಮಾಡುತ್ತಾರೆ. ಎರಡನೆಯದನ್ನು ಮಾಡುವವರು ಕಡಿಮೆ, ಆದರೆ ಪ್ರಾಣಿಗಳು ಸುಮ್ನೆ ವ್ಯರ್ಥವಾಗುವುದು ಜಾಸ್ತಿ ಅಲ್ಲೇ.

ಕಾನೂನು ಎಷ್ಟು ಗೊತ್ತಿರಬೇಕೋ ಅಷ್ಟು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರಡಿ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡಲು ಕೇಂದ್ರದಲ್ಲಿ ಒಂದು ಸಮಿತಿ ಇದೆ. ಹಿಂದೆ ಅದಕ್ಕೆ ಸಿಪಿಸಿಎಸ್‌ಇಎ ಅನ್ನುತ್ತಿದ್ದರು, ಈಗ ಸಿಸಿಎಸ್‌ಇಎ. 1998ರ ನಿಯಮಗಳ ಪ್ರಕಾರ ಪ್ರಾಣಿ ಪ್ರಯೋಗ ಮಾಡುವ ಸಂಸ್ಥೆ ನೋಂದಣಿ ಆಗಿರಬೇಕು, ಅಲ್ಲಿ ಒಂದು ನೈತಿಕ ಸಮಿತಿ, ಅಂದರೆ ಐಎಇಸಿ ಇರಬೇಕು. ಇಲಿ, ಚಿಟ್ಟಿಲಿ, ಗಿನಿಹಂದಿ, ಮೊಲದಂಥ ಸಣ್ಣ ಪ್ರಾಣಿಗಳಿಗೆ ಈ ಸಮಿತಿಯ ಒಪ್ಪಿಗೆ ಸಾಕು. ನಾಯಿ, ಮಂಗ, ದನದಂಥ ದೊಡ್ಡ ಪ್ರಾಣಿ ಅಂದರೆ ಫೈಲು ಮೇಲಕ್ಕೆ, ಸಿಸಿಎಸ್‌ಇಎಗೇ ಹೋಗಬೇಕು. ಅರ್ಜಿ ಹಾಕುವುದು ಫಾರ್ಮ್ ಬಿಯಲ್ಲಿ. ಎಷ್ಟು ಪ್ರಾಣಿ ಬೇಕು, ಅಷ್ಟೇ ಯಾಕೆ ಬೇಕು ಅಂತ ಅದರಲ್ಲೇ ಬರೆಯಬೇಕು. ಪ್ರಾಣಿಗಳನ್ನು ತಂದ ಮತ್ತು ಬಳಸಿದ ಲೆಕ್ಕಕ್ಕೆ ಫಾರ್ಮ್ ಡಿ.

ಬರೀ ಕೈ ಪಳಗಲಿ ಅಂತ ಪ್ರಾಣಿ ಮೇಲೆ ಪ್ರಯೋಗ ಮಾಡುವಂತಿಲ್ಲ ಅನ್ನುವುದು ಕಾಯ್ದೆಯಲ್ಲೇ ಇದೆ. ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಕಪ್ಪೆ ಕೊಯ್ಯುವುದು ಯುಜಿಸಿಯ 2014ರ ಆದೇಶದೊಂದಿಗೆ ಮುಗಿದ ಕಥೆ. ಒಂದು ಕಾಲಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದರೆ ಗದ್ದೆ ಬಯಲಿನ ಕಪ್ಪೆಗಳಿಗೆ ಕಷ್ಟಕಾಲ ಅಂತಲೇ ಅರ್ಥ.

ಮೊದಲು ಕೇಳಬೇಕಾದ್ದು: ಪ್ರಾಣಿ ಬೇಕೇ ಬೇಕಾ?

ರಸೆಲ್ ಮತ್ತು ಬರ್ಚ್ ಅನ್ನುವ ಇಬ್ಬರು 1959ರಲ್ಲಿ ಮೂರು ಮಾತು ಹೇಳಿದರು. ಬದಲಿ ಇದ್ದರೆ ಪ್ರಾಣಿ ಬಿಡಿ, ಇಲ್ಲವಾದರೆ ಸಂಖ್ಯೆ ಇಳಿಸಿ, ಬಳಸಲೇಬೇಕಾದವಕ್ಕೆ ನೋವು ಕಡಿಮೆ ಮಾಡಿ. ನಮ್ಮಲ್ಲಿ ನಾಲ್ಕನೆಯದಾಗಿ ಪ್ರಯೋಗದ ನಂತರದ ಪುನರ್ವಸತಿ ಸೇರಿಸಿಕೊಂಡಿದ್ದಾರೆ. ಎಲ್ಲರ ಥೀಸಿಸ್‌ನಲ್ಲೂ ಇದು ಒಂದು ಪ್ಯಾರಾ ಆಗಿ ಬಂದು ಹೋಗುತ್ತದೆ, ಅಷ್ಟರಲ್ಲೇ ನಿಂತುಬಿಡುತ್ತದೆ ಅನ್ನುವುದು ನನ್ನ ಬೇಸರ.

ಬದಲಿ ಅನ್ನುವುದು ಎಲ್ಲೋ ವಿದೇಶದ ಸಂಗತಿ ಅಲ್ಲ. ನಮ್ಮ ಜಿಲ್ಲೆಯದ್ದೇ ಉದಾಹರಣೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ವೈರಸ್ ಯಾವುದು ಅಂತ ಬೇರ್ಪಡಿಸಲು ಚಿಟ್ಟಿಲಿ ಮರಿಗಳಿಗೆ ಮಾದರಿಯನ್ನು ಚುಚ್ಚಬೇಕಾಯಿತು. ಆಗ ಇದ್ದ ದಾರಿ ಅದು. ಈಗ ಮಂಗನ ಕಾಯಿಲೆಯ ಅನುಮಾನ ಬಂದರೆ ರಕ್ತದ ಮಾದರಿ ಆರ್‌ಟಿ-ಪಿಸಿಆರ್, ಎಲಿಸಾ ಅನ್ನುವ ಲ್ಯಾಬ್ ಪರೀಕ್ಷೆಗಳಿಗೆ ಹೋಗುತ್ತದೆ. ಮರಿಗಳ ಕೆಲಸವನ್ನು ಯಂತ್ರ ಮಾಡುತ್ತದೆ, ಅದೂ ಬೇಗ.

ನಿಮ್ಮ ಕೆಲಸಕ್ಕೆ ಬರೋಣ. ಅಮೃತಬಳ್ಳಿಗೆ ಸಕ್ಕರೆ ಇಳಿಸುವ ಗುಣ ಇದೆಯಾ ಅಂತ ಇಲಿ ಮೇಲೆ ಇನ್ನೊಮ್ಮೆ ನೋಡುವುದರಲ್ಲಿ ಹೊಸದೇನಿದೆ? ಅದರ ಮೇಲೆ ಬೇಕಾದಷ್ಟು ಪೇಪರ್ ಈಗಾಗಲೇ ಇವೆ. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಜಾಲತಾಣ) ಗಿಡದ ಸಸ್ಯಶಾಸ್ತ್ರೀಯ ಹೆಸರು, ರೋಗದ ಹೆಸರು ಹಾಕಿ ಒಂದು ಸಂಜೆ ಕೂತು ಓದಿ. ಹೊಸ ಪ್ರಶ್ನೆ ಉಳಿದಿದೆ ಅನ್ನಿಸಿದರೆ ಮೊದಲು ಟೆಸ್ಟ್‌ಟ್ಯೂಬ್‌ನಲ್ಲಿ ಆಗುವುದನ್ನು ಮುಗಿಸಿ. ನೀರು, ಮೆಥನಾಲ್, ಈಥೈಲ್ ಅಸಿಟೇಟ್ ಅಂತ ನಾಲ್ಕೈದು ಸಾರ ತೆಗೆದಿರುತ್ತೀರಿ. ಅಷ್ಟನ್ನೂ ಇಲಿಗೆ ಕುಡಿಸಬೇಕಿಲ್ಲ. ಪಿಷ್ಟವನ್ನು ಸಕ್ಕರೆ ಮಾಡುವ ಆಲ್ಫಾ ಅಮೈಲೇಸ್ ಕಿಣ್ವವನ್ನು ತಡೆಯುತ್ತದಾ ಅನ್ನುವ ಪರೀಕ್ಷೆ, ಕೋಶಗಳ ಮೇಲಿನ ಪರೀಕ್ಷೆ ಮಾಡಿ ಸೋಸಿ, ಗೆದ್ದ ಒಂದೇ ಸಾರವನ್ನು ಅನಿಮಲ್ ಹೌಸ್‌ಗೆ ತನ್ನಿ. ಅರ್ಧಕ್ಕರ್ಧ ಗುಂಪುಗಳು ಇಲ್ಲೇ ಕಳಚಿ ಬೀಳುತ್ತವೆ.

ವಿಷ ಎಷ್ಟಿದೆ ಅಂತ ನೋಡುವ ಪರೀಕ್ಷೆಯಲ್ಲೂ ಅಷ್ಟೇ. ಅರ್ಧದಷ್ಟು ಪ್ರಾಣಿ ಸಾಯುವ ಡೋಸ್ ಹುಡುಕುವ ಹಳೇ ಎಲ್‌ಡಿ50 ವಿಧಾನವನ್ನು, ಅಂದರೆ ಓಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 401ನೇ ಮಾರ್ಗಸೂಚಿಯನ್ನು 2002ರಲ್ಲೇ ತೆಗೆದುಹಾಕಿದ್ದಾರೆ. ಈಗಿರುವುದು 420, 423, 425. 423ರಲ್ಲಿ ಹಂತಕ್ಕೆ ಮೂರೇ ಪ್ರಾಣಿ, ಸಾಮಾನ್ಯವಾಗಿ ಹೆಣ್ಣು. ಸಾರಕ್ಕೆ ವಿಷ ಇಲ್ಲ ಅನ್ನುವ ಅಂದಾಜಿದ್ದು, ಕೆಜಿ ತೂಕಕ್ಕೆ 2000 ಮಿಲಿಗ್ರಾಂ ಕೊಟ್ಟರೂ ಏನೂ ಆಗದಿದ್ದರೆ ಆರು ಪ್ರಾಣಿಗೆ ಕೆಲಸ ಮುಗಿಯುತ್ತದೆ. ಅದೇ ಗಿಡದ ಅದೇ ಸಾರವನ್ನು ಪಕ್ಕದ ವಿಭಾಗದವರು ಹೋದ ವರ್ಷವೇ ಹೀಗೆ ನೋಡಿದ್ದರೆ, ಅವರ ಫಲಿತಾಂಶ ಇಟ್ಟುಕೊಂಡು ಮುಂದೆ ಹೋಗಬಹುದಾ ಅಂತ ಸಮಿತಿಯನ್ನೇ ಕೇಳಿ. ಕೇಳುವುದಕ್ಕೇನು ದುಡ್ಡು ಕೊಡಬೇಕಾ?

ಸಂಖ್ಯೆ ತೆಗೆಯುವುದು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಲೆಕ್ಕ ಕಷ್ಟದ್ದಲ್ಲ.

ನಾಲ್ಕು ವಿಷಯ ಗೊತ್ತಿದ್ದರೆ ಸಂಖ್ಯೆ ಬರುತ್ತದೆ. ಔಷಧಿಯಿಂದ ಎಷ್ಟು ವ್ಯತ್ಯಾಸ ಆದರೆ ಅದಕ್ಕೆ ಅರ್ಥ ಇದೆ ಅನ್ನುತ್ತೀರಿ, ಒಂದೇ ಗುಂಪಿನ ಇಲಿ ಇಲಿ ನಡುವೆ ಏರುಪೇರು ಎಷ್ಟು, ಇಲ್ಲದ ಪರಿಣಾಮವನ್ನು ಇದೆ ಅನ್ನುವ ಅಪಾಯ ಎಷ್ಟು ಒಪ್ಪುತ್ತೀರಿ, ನಿಜವಾಗಿ ಪರಿಣಾಮ ಇದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ ಎಷ್ಟಿರಬೇಕು. ಕೊನೆಯ ಎರಡಕ್ಕೆ ರೂಢಿಯ ಬೆಲೆ 0.05 ಮತ್ತು 80 ಶೇಕಡ. ಮೊದಲೆರಡನ್ನು ನೀವೇ ತರಬೇಕು. ವ್ಯತ್ಯಾಸವನ್ನು ಏರುಪೇರಿನಿಂದ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿದರೆ ಬರುವುದೇ ಎಫೆಕ್ಟ್ ಸೈಜ್.

ಜಿ-ಪವರ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಜರ್ಮನಿಯ ಡ್ಯೂಸೆಲ್ಡಾರ್ಫ್ ವಿಶ್ವವಿದ್ಯಾಲಯದವರದ್ದು. ಎರಡು ಗುಂಪು ಹೋಲಿಸುವ ಟಿ-ಟೆಸ್ಟ್ ಆರಿಸಿ, ಎಫೆಕ್ಟ್ ಸೈಜ್ 1 ಅಂತ ಹಾಕಿ ನೋಡಿ. ಗುಂಪಿಗೆ 17 ಪ್ರಾಣಿ ಕೇಳುತ್ತದೆ. ಈಗ 2 ಅಂತ ಹಾಕಿ. ಆರಕ್ಕೆ ಇಳಿಯುತ್ತದೆ! ಔಷಧಿ ಅದೇ, ವ್ಯತ್ಯಾಸವೂ ಅದೇ, ಏರುಪೇರು ಅರ್ಧ ಆದರೆ ಸಾಕು, ಗುಂಪಿಗೆ 11 ಜೀವ ಉಳಿಯಿತು.

ಅಡಿಕೆ ತೋಟ ಚೇಣಿಗೆ ಹಿಡಿಯುವವರನ್ನು ನೋಡಿ. ಒಂದೇ ವಯಸ್ಸಿನ, ಒಂದೇ ಸಮ ಬೆಳೆದ ತೋಟವಾದರೆ ನಾಲ್ಕು ಸಾಲು ತಲೆಯೆತ್ತಿ ನೋಡಿ ಫಸಲು ಎಷ್ಟು ಅಂತ ಹೇಳಿಬಿಡುತ್ತಾರೆ. ಹಳೇ ಮರ, ಎಳೇ ಮರ, ಕೊಳೆ ಬಂದ ಮರ ಎಲ್ಲ ಬೆರೆತಿದ್ದರೆ ಇಡೀ ತೋಟ ಸುತ್ತಬೇಕು. ಇಲಿಗಳದ್ದೂ ಇದೇ ಲೆಕ್ಕ.

ಹಾಗಾಗಿ ಏರುಪೇರು ಇಳಿಸುವುದರ ಮೇಲೆ ಶ್ರಮ ಹಾಕಿ. ತೂಕ, ವಯಸ್ಸು ಹತ್ತಿರ ಹತ್ತಿರ ಇರುವ ಪ್ರಾಣಿ ತೆಗೆದುಕೊಳ್ಳಿ. ತಂದ ಮೇಲೆ ಒಂದು ವಾರ ಸುಮ್ಮನೆ ಬಿಡಿ, ಹೊಸ ಜಾಗಕ್ಕೆ ಹೊಂದಿಕೊಳ್ಳಲಿ. ರಕ್ತದ ಸಕ್ಕರೆ ಅಳೆಯುವುದಾದರೆ ದಿನವೂ ಒಂದೇ ಹೊತ್ತಿಗೆ ಅಳೆಯಿರಿ. ಊತ ಬರಿಸುವ ಕ್ಯಾರಜೀನನ್ ಚುಚ್ಚಿ ಪಾದದ ಊತ ನೋಡುವುದಾದರೆ, ಊತ ಅಳೆಯುವ ಪ್ಲೆಥಿಸ್ಮೋಮೀಟರ್‌ನಲ್ಲಿ ಪಾದ ಅದ್ದುವ ಕೈ ಮೊದಲಿಂದ ಕೊನೆವರೆಗೂ ಒಬ್ಬರದ್ದೇ ಆಗಿರಲಿ. ಎರಡು ಸಲ ಅಳೆದು ಸರಾಸರಿ ತೆಗೆಯಿರಿ. ಔಷಧಿ ಕೊಡುವ ಮುಂಚಿನ ಅಳತೆಯನ್ನೂ ಬರೆದಿಟ್ಟು ಲೆಕ್ಕಕ್ಕೆ ಸೇರಿಸಿ. ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ.

ಸ್ಟ್ಯಾಂಡರ್ಡ್ ಡೀವಿಯೇಷನ್ ಎಲ್ಲಿಂದ ತರುವುದು? ಯಾವುದೋ ದೇಶದ ಪೇಪರ್‌ಗಿಂತ ನಿಮ್ಮದೇ ಅನಿಮಲ್ ಹೌಸ್‌ನ ಹಳೇ ಕಂಟ್ರೋಲ್ ಗುಂಪುಗಳ, ಅಂದರೆ ಸಾರ ಕೊಡದೆ ಹೋಲಿಕೆಗೆ ಇಟ್ಟ ಗುಂಪುಗಳ, ದತ್ತಾಂಶ ಒಳ್ಳೆಯದು. ಅದೇ ಕೋಣೆ, ಅದೇ ಹವೆ, ಅದೇ ತಳಿ. ಸೀನಿಯರ್‌ಗಳ ಹತ್ತಿರ ಕೇಳಬೇಕಾದ್ದು "ಎಷ್ಟು ಇಲಿ ತಗೊಂಡ್ರಿ" ಅಂತಲ್ಲ, "ನಿಮ್ಮ ಕಂಟ್ರೋಲ್‌ನ ಎಕ್ಸೆಲ್ ಶೀಟ್ ಕೊಡ್ತೀರಾ" ಅಂತ.

ಏನೂ ಗೊತ್ತಿಲ್ಲದ ಹೊಸ ವಿಷಯವಾದರೆ ಒಂದು ಒರಟು ಲೆಕ್ಕ ಇದೆ, ರಿಸೋರ್ಸ್ ಈಕ್ವೇಷನ್ ಅನ್ನುತ್ತಾರೆ. ಒಟ್ಟು ಪ್ರಾಣಿಗಳಿಂದ ಗುಂಪುಗಳ ಸಂಖ್ಯೆ ಕಳೆಯಿರಿ. ಉತ್ತರ 10ರಿಂದ 20ರ ಒಳಗೆ ಇರಬೇಕು. ಆ 30 ಇಲಿ ಐದು ಗುಂಪಿನ ಲೆಕ್ಕವನ್ನೇ ಹಾಕಿ: 30 ಕಳೆ 5, 25. ಮಿತಿ ಮೀರಿತು. ಗುಂಪಿಗೆ ಐದು ಹಾಕಿದರೆ 20, ಸರಿಹೋಯಿತು. ಆದರೆ ಈ ಸೂತ್ರಕ್ಕೆ ನಿಮ್ಮ ಪರಿಣಾಮ ದೊಡ್ಡದೋ ಚಿಕ್ಕದೋ ಗೊತ್ತಿರುವುದಿಲ್ಲ. ಏರುಪೇರಿನ ಮಾಹಿತಿ ಕೈಯಲ್ಲಿದ್ದರೆ ಇದನ್ನು ಹಿಡಿಯಬೇಡಿ.

ಇನ್ನೊಂದು ಮಾತು, ಇದು ಕೆಲವು ಸಮಿತಿಗಳಿಗೂ ಸೇರಿ. ಕಡಿಮೆ ಅಂದರೆ ಒಳ್ಳೆಯದು ಅಂತಲ್ಲ. 17 ಬೇಕಾದ ಕಡೆ ನಾಲ್ಕು ಕೊಟ್ಟರೆ ಫಲಿತಾಂಶ ಹಾಗೂ ಇಲ್ಲ ಹೀಗೂ ಇಲ್ಲ ಅಂತ ಆಗಿ ಆ ನಾಲ್ಕೂ ಹೋದ ಹಾಗೆ. "ಎಲ್ಲ ಅರ್ಜಿಯಲ್ಲೂ ಕಾಲು ಭಾಗ ಕಡಿತ ಮಾಡಿ" ಅನ್ನುವ ನಿಯಮ ಕೇಳಲು ಚೆಂದ, ಫಲ ತಿರುಗುಮುರುಗು.

ಪ್ರಯೋಗದ ನಡುವೆ ಸಾಯುವ ಪ್ರಾಣಿಗಳ ಅಂದಾಜನ್ನೂ ಮುಂಚೆಯೇ ಸೇರಿಸಿ. ಸ್ಟ್ರೆಪ್ಟೊಜೊಟೊಸಿನ್ ಕೊಟ್ಟು ಮಧುಮೇಹ ಬರಿಸುವ ಮಾದರಿಯಲ್ಲಿ ಕೆಲವು ಸಾಯುತ್ತವೆ, ಕೆಲವಕ್ಕೆ ಸಕ್ಕರೆ ಏರುವುದೇ ಇಲ್ಲ. ಕೊನೆಗೆ ಎಂಟು ಉಳಿಯಬೇಕು, ಐದರಲ್ಲಿ ಒಂದು ಹೋಗಬಹುದು ಅಂತಿದ್ದರೆ 8 ಭಾಗಿಸು 0.8, ಅಂದರೆ ಹತ್ತು. ಕಾರಣ ಬರೆದು ಹತ್ತು ಕೇಳಿ. ಎಂಟು ಅಂತ ಬರೆದು ಆಮೇಲೆ ಕದ್ದುಮುಚ್ಚಿ ಎರಡು ಸೇರಿಸುವುದಕ್ಕಿಂತ ಇದು ಮೇಲು.

ಮತ್ತೆ, ಪಿ-ವ್ಯಾಲ್ಯೂ (ಪರಿಣಾಮ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ) 0.05ಕ್ಕೆ ಇಳಿಯುವ ತನಕ ಎರಡೆರಡು ಇಲಿ ಸೇರಿಸುತ್ತಾ ಹೋಗುವ ಚಾಳಿ ಇದೆಯಲ್ಲ, ಅದನ್ನು ಬಿಡಿ. ಹಾಗೆ ಬಂದ ಫಲಿತಾಂಶವನ್ನು ನಂಬುವ ಹಾಗಿಲ್ಲ.

ಕಂಟ್ರೋಲ್ ಹಂಚಿಕೊಳ್ಳಿ

ಸಂಖ್ಯೆ ಇಳಿಸುವುದಕ್ಕೆ ನನಗೆ ತುಂಬಾ ಇಷ್ಟವಾದ ಉಪಾಯ ಇದು, ಮತ್ತು ನಮ್ಮ ಕಾಲೇಜುಗಳಲ್ಲಿ ಕಡೆಗಣಿಸಿರುವುದೂ ಇದೇ. ಒಂದೇ ವಿಭಾಗದಲ್ಲಿ ಮೂವರು. ಒಬ್ಬರದ್ದು ನೆಲನೆಲ್ಲಿ, ಒಬ್ಬರದ್ದು ಒಂದೆಲಗ, ಇನ್ನೊಬ್ಬರದ್ದು ಮುರುಗಲು. ಮೂವರೂ ನೋಡುವುದು ಲಿವರ್ ಮೇಲಿನ ಪರಿಣಾಮವನ್ನೇ. ಪ್ರತಿಯೊಬ್ಬರಿಗೂ ಐದು ಗುಂಪು: ನಾರ್ಮಲ್, ರೋಗ ಬರಿಸಿದ ಕಂಟ್ರೋಲ್, ಸ್ಟ್ಯಾಂಡರ್ಡ್ ಔಷಧಿ, ಸಾರದ ಕಡಿಮೆ ಡೋಸ್, ಹೆಚ್ಚು ಡೋಸ್. ಮೂವರಿಗೆ 15 ಗುಂಪು, ಗುಂಪಿಗೆ ಆರರಂತೆ 90 ಇಲಿ. ಮೂವರೂ ಒಂದೇ ಸಮಯಕ್ಕೆ ಕೂಡಿ ಮಾಡಿದರೆ ಮೊದಲ ಮೂರು ಗುಂಪು ಎಲ್ಲರಿಗೂ ಒಂದೇ, ಜೊತೆಗೆ ಸಾರದ ಆರು ಗುಂಪು. ಒಟ್ಟು ಒಂಬತ್ತು ಗುಂಪು, 54 ಇಲಿ. ಕಂಟ್ರೋಲ್ ಗುಂಪಿಗೆ ಒಂದಿಷ್ಟು ಜಾಸ್ತಿ ಇಟ್ಟುಕೊಂಡರೆ ಹೋಲಿಕೆ ಇನ್ನೂ ಗಟ್ಟಿ, ಆದರೂ 90ರ ಹತ್ತಿರ ಬರುವುದಿಲ್ಲ.

ಷರತ್ತು ಇದೆ. ತಳಿ, ಲಿಂಗ, ವಯಸ್ಸು ಒಂದೇ ಇರಬೇಕು, ಕೆಲಸ ಒಟ್ಟಿಗೇ ನಡೆಯಬೇಕು, ಸಾರ ಕಲಸುವ ದ್ರವವೂ ಒಂದೇ ಆಗಿರಬೇಕು. ಹೋದ ವರ್ಷದ ಕಂಟ್ರೋಲ್ ತಂದು ಈ ವರ್ಷದ್ದಕ್ಕೆ ಅಂಟಿಸುವುದು ಹಂಚಿಕೆ ಅಲ್ಲ. "ಥೀಸಿಸ್ ಅಂದರೆ ಸ್ವಂತ ಕೆಲಸ, ಕಂಟ್ರೋಲ್ ಹಂಚಿಕೊಂಡರೆ ಹೇಗೆ" ಅಂತ ಕೆಲವು ಗೈಡ್‌ಗಳು ರಾಗ ತೆಗೆಯುತ್ತಾರೆ. ಹಂಚಿಕೊಂಡಿದ್ದನ್ನು ಮೂರೂ ಥೀಸಿಸ್‌ನಲ್ಲಿ ಸ್ಪಷ್ಟವಾಗಿ ಬರೆದರೆ ಆಯಿತಲ್ವಾ? ಇದನ್ನು ಹೇಳಬೇಕಾದ್ದು ಐಎಇಸಿ. ಮೂರೂ ಅರ್ಜಿ ಒಟ್ಟಿಗೆ ನೋಡುವುದು ಅವರೇ.

ಮಳೆಗಾಲ ಮತ್ತು ಅನಿಮಲ್ ಹೌಸ್

ಸಿಸಿಎಸ್‌ಇಎ ಮಾರ್ಗಸೂಚಿ ಪ್ರಕಾರ ಕೋಣೆಯ ತಾಪ 18ರಿಂದ 29 ಡಿಗ್ರಿ, ತೇವಾಂಶ 30ರಿಂದ 70 ಶೇಕಡ ಇರಬೇಕು. ಪುನರ್ವಸು, ಪುಷ್ಯ ಮಳೆ ಹಿಡಿದಾಗ ನಮ್ಮ ಕಡೆ ತೇವಾಂಶ 70ರ ಒಳಗೆ ಇರುತ್ತಾ? ಪಂಜರಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿ ಬೂಸ್ಟು ಹಿಡಿಯುತ್ತದೆ, ಪಂಜರದಲ್ಲಿ ಅಮೋನಿಯಾ ವಾಸನೆ ಏರುತ್ತದೆ, ಇಲಿಗಳಿಗೆ ಉಸಿರಾಟದ ತೊಂದರೆ ಶುರುವಾಗುತ್ತದೆ. ಗಾಳಿಮಳೆಗೆ ಕರೆಂಟ್ ಹೋದರೆ ಎಕ್ಸಾಸ್ಟ್ ಫ್ಯಾನ್ ನಿಂತಿತು. ಮಳೆಗೆ ಹೊರಗಿನ ಇಲಿಗಳೂ ಒಳಗೆ ಬರುತ್ತವೆ, ರೋಗ ತರುತ್ತವೆ. ಅರ್ಧ ಪ್ರಯೋಗದಲ್ಲಿ ಗುಂಪು ಹಾಳಾಗಿ "ಮತ್ತೆ ಹತ್ತು ಇಲಿ ಬೇಕು" ಅನ್ನುವ ಅರ್ಜಿ ಹೀಗೆ ಹುಟ್ಟುತ್ತದೆ.

ಸಾಧ್ಯವಾದರೆ ದೀರ್ಘ ಪ್ರಯೋಗಗಳನ್ನು ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ಆಗದಿದ್ದರೆ ಮೇ ತಿಂಗಳಲ್ಲೇ ಒಣಗಿದ ಭತ್ತದ ಹೊಟ್ಟನ್ನು ಚೀಲ ಕಟ್ಟಿ ನೆಲದಿಂದ ಎತ್ತರದಲ್ಲಿ ಇಡಿ, ಮಳೆಗಾಲದಲ್ಲಿ ಹೊಟ್ಟು ಬದಲಿಸುವ ದಿನಗಳನ್ನು ಹೆಚ್ಚಿಸಿ, ತೇವಾಂಶದ ಮೀಟರ್ ಒಂದು ಗೋಡೆಗೆ ಹಾಕಿ ಬೆಳಿಗ್ಗೆ ಸಂಜೆ ಬರೆದುಕೊಳ್ಳಿ. ಪ್ರಯೋಗವನ್ನು ಎರಡು ಮೂರು ಕಂತಾಗಿ ಮಾಡಿ, ಪ್ರತಿ ಕಂತಿನಲ್ಲೂ ಎಲ್ಲ ಗುಂಪಿನ ಒಂದಿಷ್ಟು ಪ್ರಾಣಿ ಇರಲಿ. ಒಂದು ವಾರ ಎಡವಟ್ಟಾದರೂ ಒಂದಿಡೀ ಗುಂಪು ಹೋಗುವುದಿಲ್ಲ.

ರಿಜಿಸ್ಟರ್: ವಾರವಾರದ ಎಣಿಕೆ

ಇದಕ್ಕೆ ಸಾಫ್ಟ್‌ವೇರ್ ಬೇಡ. ಉದ್ದ ಪುಸ್ತಕ ಅಥವಾ ಎಕ್ಸೆಲ್ ಸಾಕು. ಪ್ರಾಜೆಕ್ಟ್‌ಗೆ ಒಂದು ಪುಟ. ಮೇಲೆ ಐಎಇಸಿ ಒಪ್ಪಿಗೆಯ ಸಂಖ್ಯೆ, ಮಂಜೂರಾದ ಪ್ರಾಣಿಗಳೆಷ್ಟು, ತಳಿ, ಲಿಂಗ. ಕೆಳಗೆ ವಾರದ ಸಾಲುಗಳು: ಹಿಂದಿನ ಬಾಕಿ, ಬಂದದ್ದು, ಹುಟ್ಟಿದ್ದು, ಬಳಸಿದ್ದು, ಸತ್ತದ್ದು, ಬೇರೆ ಪ್ರಾಜೆಕ್ಟ್‌ಗೆ ಕೊಟ್ಟದ್ದು, ಈಗಿನ ಬಾಕಿ. ಪುಸ್ತಕದ ಬಾಕಿಯೂ ಪಂಜರದಲ್ಲಿರುವ ತಲೆ ಎಣಿಕೆಯೂ ತಾಳೆಯಾಗಬೇಕು. ಎಣಿಸುವವರು ಪ್ರಯೋಗ ಮಾಡುವವರಲ್ಲದೆ ಬೇರೆಯವರಾದರೆ ಉತ್ತಮ.

ಸತ್ತದ್ದರ ಕಾಲಂ ಮೇಲೆ ಕಣ್ಣಿಡಿ. ಬರೀ ಒಂದು ಅಂಕಿ ಬರೆದು ಬಿಡಬೇಡಿ. ಯಾವ ಪಂಜರ, ಯಾವ ದಿನ, ಔಷಧಿ ಕುಡಿಸುವಾಗ ನಳಿಕೆ ಶ್ವಾಸಕೋಶಕ್ಕೆ ಹೋಯಿತಾ, ಕಾಯಿಲೆಯಾ, ಡೋಸ್ ಜಾಸ್ತಿಯಾ ಅಂತ ಪಶುವೈದ್ಯರು ಕೊಯ್ದು ನೋಡಿ ಬರೆಯಲಿ. ಮೂರು ಪ್ರಾಜೆಕ್ಟ್‌ಗಳ ಸಾವುಗಳು ಒಂದೇ ಕಪಾಟಿನ ಪಂಜರಗಳಲ್ಲಿ ಆಗಿದ್ದರೆ, ಅಥವಾ ಒಬ್ಬ ವಿದ್ಯಾರ್ಥಿಯ ಕೈಯಲ್ಲೇ ಆಗಿದ್ದರೆ, ಪುಸ್ತಕ ಅದನ್ನು ತೋರಿಸುತ್ತದೆ. ಆ ವಿದ್ಯಾರ್ಥಿಗೆ ಬೈಯುವ ಬದಲು ಮೊದಲು ಪ್ಲಾಸ್ಟಿಕ್ ಮಾದರಿ ಮೇಲೆ ಕುಡಿಸುವುದನ್ನು ಕಲಿಸಿ.

ಪ್ರಾಣಿ ಯಾವ ಸ್ಥಿತಿಗೆ ಬಂದರೆ ಪ್ರಯೋಗದಿಂದ ತೆಗೆಯಬೇಕು ಅನ್ನುವುದೂ ಮೊದಲೇ ಬರೆದಿರಬೇಕು. ತೂಕ ಶೇಕಡ 20ರಷ್ಟು ಇಳಿದರೆ ಅನ್ನುವುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗೆರೆ.

ಐಎಇಸಿಯಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ, ವಿಜ್ಞಾನಿಯಲ್ಲದ ಒಬ್ಬರು, ಸಿಸಿಎಸ್‌ಇಎ ಕಡೆಯವರು ಇರುತ್ತಾರೆ. ಪ್ರತಿ ಸಭೆಗೆ ಒಂದು ಹಾಳೆ ಇಡಿ: ಮಂಜೂರಾದ್ದು, ಬಂದದ್ದು, ಬಳಸಿದ್ದು, ಸತ್ತದ್ದು. ವಿಜ್ಞಾನಿಯಲ್ಲದ ಸದಸ್ಯರಿಗೆ ಮಾತನಾಡಲು ಧೈರ್ಯ ಬರುವುದು ಇಂಥ ಹಾಳೆಯಿಂದಲೇ. ಸ್ಟ್ಯಾಟಿಸ್ಟಿಕ್ಸ್ ಗೊತ್ತಿಲ್ಲದಿದ್ದರೂ "ಇಲ್ಲಿ ಹನ್ನೆರಡು ಸತ್ತಿವೆಯಲ್ಲ, ಯಾಕೆ?" ಅಂತ ಯಾರು ಬೇಕಾದರೂ ಕೇಳಬಹುದು.

ಸಾಕುವ ಕಡೆಯ ಹೆಚ್ಚುವರಿ

ಚಿಟ್ಟಿಲಿ ಗರ್ಭ ಕಟ್ಟಿದ ಮೂರು ವಾರಕ್ಕೆ ಮರಿ ಹಾಕುತ್ತದೆ. ಹಾಕಿದ ಒಂದು ದಿನದೊಳಗೆ ಮತ್ತೆ ಗರ್ಭ ಕಟ್ಟಬಲ್ಲದು. ಗಂಡನ್ನು ಅದೇ ಪಂಜರದಲ್ಲಿ ಬಿಟ್ಟರೆ ಲೆಕ್ಕ ನಿಮ್ಮ ಕೈ ಮೀರಿತು. ಹೆರಿಗೆಗೆ ಮುಂಚೆ ಗಂಡನ್ನು ಬೇರೆ ಮಾಡಿ. ಮೂರು ವಾರಕ್ಕೆ ಹಾಲು ಬಿಡಿಸಿ ಗಂಡು ಹೆಣ್ಣು ಬೇರೆ ಬೇರೆ ಹಾಕಿ. ಯಾರಿಗೆ ಯಾವ ತಿಂಗಳು ಎಷ್ಟು ಬೇಕು ಅಂತ ಬರೆದು ತೆಗೆದುಕೊಂಡ ಮೇಲೆ ಜೋಡಿ ಕಟ್ಟಿ.

ಹುಟ್ಟುವುದರಲ್ಲಿ ಅರ್ಧ ಹೆಣ್ಣು. ಎಲ್ಲರೂ "ಗಂಡು ವಿಸ್ಟಾರ್ ಮಾತ್ರ" (ವಿಸ್ಟಾರ್ ಒಂದು ಇಲಿ ತಳಿ) ಅಂತ ಬರೆದರೆ ಉಳಿದರ್ಧ ಏನಾಗಬೇಕು? ಗಂಡು ಹೆಣ್ಣು ಸಮ ಸೇರಿಸಿ ಪ್ರಯೋಗ ರೂಪಿಸಬಹುದು, ಫಲಿತಾಂಶವೂ ಇಬ್ಬರಿಗೂ ಅನ್ವಯಿಸುತ್ತದೆ. ಕೊನೆಗೆ ಪ್ರಾಣಿಯನ್ನು ಕೊಲ್ಲಬೇಕಾದ ದಿನವನ್ನು ನೋಟಿಸ್ ಬೋರ್ಡಿಗೆ ಹಾಕಿ. ಯಾರಿಗೋ ಕಿಡ್ನಿ ಬೇಕಿರಬಹುದು, ಯಾರಿಗೋ ಕರುಳು. ಹೊರಗಿಂದ ತರುವುದಾದರೆ ನೋಂದಾಯಿತ ಸಾಕಣೆದಾರರಿಂದಲೇ ತನ್ನಿ, ಬೇಕಾದಷ್ಟೇ. "ಹತ್ತು ಎಕ್ಸ್ಟ್ರಾ ಇರಲಿ" ಬೇಡ.

ತುಂಗಾ ಭದ್ರಾ ಮೀನು, ಆಗುಂಬೆ ಕಡೆಯ ಕಪ್ಪೆ ಅಂತ ಕಾಡಿನ ಕೆಲಸ ಮಾಡುವವರಿಗೂ ಲೆಕ್ಕ ತಪ್ಪಿದ್ದಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕು, ಮೀನಿನ ಪ್ರಯೋಗಕ್ಕೆ 2021ರ ಮಾರ್ಗಸೂಚಿ ಇದೆ. ಕೂಗು ರೆಕಾರ್ಡ್ ಮಾಡಿ, ಫೋಟೋ ತೆಗೆದು ಬಿಡಬಹುದಾದ ಕಪ್ಪೆಯನ್ನು ಫಾರ್ಮಲಿನ್‌ಗೆ ಹಾಕಬೇಡಿ.

ಪ್ರಾಜೆಕ್ಟ್ ಮುಗಿಸುವಾಗ

ಪೇಪರ್ ಬರೆಯುವಾಗ ಅರೈವ್ ಅನ್ನುವ ಪಟ್ಟಿ ನೋಡಿ, ಪ್ರಾಣಿ ಪ್ರಯೋಗದ ವರದಿಯಲ್ಲಿ ಏನೇನು ಇರಬೇಕು ಅಂತ ಹೇಳುವುದು ಅದು, 2020ರಲ್ಲಿ ಪರಿಷ್ಕರಿಸಿದ್ದಾರೆ. ಗುಂಪಿಗೆ ಎಷ್ಟು, ಆ ಸಂಖ್ಯೆ ಹೇಗೆ ಬಂತು, ಎಷ್ಟನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ, ಗುಂಪಿಗೆ ಹಾಕುವಾಗ ಚೀಟಿ ಎತ್ತಿದಿರಾ, ಅಳೆಯುವವರಿಗೆ ಗುಂಪು ಗೊತ್ತಿತ್ತಾ ಅಂತೆಲ್ಲ ಅದು ಕೇಳುತ್ತದೆ. ಫಲಿತಾಂಶ ಬರಲಿಲ್ಲ ಅಂತ ಮುಚ್ಚಿಡಬೇಡಿ. ಬರೆದಿಡದಿದ್ದರೆ ಮುಂದಿನ ಬ್ಯಾಚಿನವರು ಅದೇ ಗಿಡ ಹಿಡಿದು ಮತ್ತೆ 30 ಇಲಿ ಕೇಳುತ್ತಾರೆ.

ಬಳಸದೆ ಉಳಿದ ಪ್ರಾಣಿಗಳನ್ನು ಒಪ್ಪಿಗೆ ಇರುವ ಇನ್ನೊಂದು ಪ್ರಾಜೆಕ್ಟ್‌ಗೆ ವರ್ಗಾಯಿಸಿ, ಎರಡೂ ಪುಟದಲ್ಲಿ ಬರೆದು ಸಹಿ ಹಾಕಿಸಿ, ಐಎಇಸಿಗೆ ಮುಕ್ತಾಯದ ವರದಿ ಕೊಡಿ. 30 ಮಂಜೂರಾಗಿ 24 ಬಳಸಿದ್ದರೆ ಉಳಿದ ಆರು ನಿಮ್ಮ ಖಾತೆಯಲ್ಲಿ ಉಳಿಯುವುದಿಲ್ಲ, ಹೊಸ ಕೆಲಸಕ್ಕೆ ಹೊಸ ಫಾರ್ಮ್ ಬಿ.